ಆಪ್ತವಾಕ್ಯವೂ ಅಂಗಡಿಯ ಮಾತೂ

ಉತ್ತರ ಕರ್ನಾಟಕದ ತಾಲ್ಲೂಕು ಕೇಂದ್ರವೊಂದರಲ್ಲಿ 34 ವರ್ಷ ಗಣಿತವನ್ನು ಬೋಧಿಸಿ ನಿವೃತ್ತರಾದ ಗುರುಗಳೊಬ್ಬರಿದ್ದಾರೆ. ಲೆಕ್ಕ ಮುಗಿಸಿ ಪಾಟಿಯನ್ನು ಮುಂದೊಡ್ಡಿದ ಹುಡುಗನನ್ನು ಅವರು ಮೊದಲು ಕೇಳುತ್ತಿದ್ದುದು ಉತ್ತರವನ್ನಲ್ಲ, ‘ತಾಳೆ ನೋಡಿದೆಯಾ?’ ಎಂಬ ಒಂದೇ ಪ್ರಶ್ನೆಯನ್ನು. ಬಂದ ಭಾಗಲಬ್ಧವನ್ನು ಭಾಜಕದಿಂದ ಗುಣಿಸಿ, ಶೇಷವನ್ನು ಕೂಡಿಸಿದಾಗ ಭಾಜ್ಯವು ಮರಳಿ ಬಂದರೆ ಅದು ಉತ್ತರ. ಬಾರದಿದ್ದರೆ ಅದು ಬರಿಯ ಅಂಕಿ. ಈ ಶಿಸ್ತಿನಲ್ಲಿ ಬೆಳೆದ ಶಿಷ್ಯರು ಇಂದು ನಾಡಿನ ಹಲವೆಡೆ ಹರಡಿಕೊಂಡಿದ್ದಾರೆ. ಅಂತಹ ಗುರುಗಳೇ ತಮ್ಮ ಅರವತ್ತೇಳನೆಯ ವಯಸ್ಸಿನಲ್ಲಿ, ತಮ್ಮ ದೇಹದ ಲೆಕ್ಕದಲ್ಲಿ ತಾಳೆ ನೋಡುವುದನ್ನು ಮರೆತರೆಂದರೆ, ಆ ಮರವೆ ಎಲ್ಲಿಂದ ಬಂದಿತೆಂಬುದು ವಿಚಾರಾರ್ಹವಾದ ಸಂಗತಿಯಾಗಿದೆ.

ಗುರುಗಳಿಗೆ ಹನ್ನೊಂದು ವರ್ಷಗಳಿಂದ ಮಧುಮೇಹವಿದ್ದಿತು. ದಿನಕ್ಕೆರಡು ಗುಳಿಗೆ, ಬೆಳಗಿನ ನಡಿಗೆ, ಮಿತವಾದ ಊಟ. ಇವುಗಳಿಂದ ಅದು ಹತೋಟಿಯಲ್ಲಿಯೇ ಇದ್ದಿತು. ಹೀಗಿರುವಾಗ ಊರಿನ ಶಾಲೆಯೊಂದರ ಸಭಾಂಗಣದಲ್ಲಿ ‘ಉಚಿತ ಸಮಗ್ರ ಆರೋಗ್ಯ ಶಿಬಿರ’ ನಡೆಯಿತು. ವೇದಿಕೆಯ ಮೇಲೆ ದೀಪ ಬೆಳಗಿತು, ಪ್ರಾರ್ಥನೆಯಾಯಿತು, ಗಣ್ಯರಿಗೆ ಮಾಲಾರ್ಪಣೆಯಾಯಿತು. ಬಳಿಕ ಬಿಳಿಯ ಅಂಗಿ ತೊಟ್ಟ ತರುಣರು ಒಬ್ಬೊಬ್ಬರ ಕೈಗೂ ಲೋಹದ ಸಣ್ಣ ದಂಡವೊಂದನ್ನು ಕೊಟ್ಟು ಮೂರು ನಿಮಿಷ ಹಿಡಿಸಿದರು. ಗಣಕಯಂತ್ರವು ಪುಟಗಟ್ಟಲೆ ವರದಿಯನ್ನು ಮುದ್ರಿಸಿ ಹೊರಚೆಲ್ಲಿತು. ಗುರುಗಳ ಯಕೃತ್ತಿನಲ್ಲಿ ‘ವಿಷಸಂಚಯ’ವಾಗಿದೆಯೆಂದೂ, ಇಷ್ಟು ವರ್ಷ ನುಂಗಿದ ಗುಳಿಗೆಗಳೇ ಆ ವಿಷದ ಮೂಲವೆಂದೂ ಅವರಿಗೆ ತಿಳಿಸಲಾಯಿತು. ಎರಡು ತಿಂಗಳ ಪಿಂಚಣಿಯಷ್ಟು ಹಣ ಕೊಟ್ಟು ಅವರು ಶೋಧಕ ಚೂರ್ಣದ ಡಬ್ಬಿಗಳನ್ನು ಮನೆಗೆ ತಂದರು, ಗುಳಿಗೆಗಳನ್ನು ಕಪಾಟಿನೊಳಗಿಟ್ಟರು.

ಕೆಲವು ವಾರಗಳಲ್ಲಿ ಅವರಿಗೆ ಬಾಯಾರಿಕೆ ಹೆಚ್ಚಾಯಿತು. ರಾತ್ರಿಯಲ್ಲಿ ನಾಲ್ಕಾರು ಬಾರಿ ಮೂತ್ರವಿಸರ್ಜನೆಗೆ ಏಳಬೇಕಾಯಿತು. ಚೂರ್ಣ ಮಾರಿದವರನ್ನು ದೂರವಾಣಿಯಲ್ಲಿ ವಿಚಾರಿಸಿದಾಗ, ‘ಭಯಬೇಡ, ವಿಷ ಹೊರಬೀಳುತ್ತಿದೆ’ ಎಂಬ ಉತ್ತರ ಬಂದಿತು. ವಾಸ್ತವವಾಗಿ ಹೊರಬೀಳುತ್ತಿದ್ದುದು ವಿಷವಲ್ಲ, ಸಕ್ಕರೆ. ರಕ್ತದಲ್ಲಿ ಸಕ್ಕರೆಯ ಪ್ರಮಾಣವು ನೂರು ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಮನ್ನು ಮೀರಿದಾಗ ಮೂತ್ರಪಿಂಡಗಳು ಅದನ್ನು ತಡೆಹಿಡಿಯಲಾರದೆ ಮೂತ್ರದೊಡನೆ ಹೊರಬಿಡುತ್ತವೆ; ಆ ಸಕ್ಕರೆಯು ತನ್ನೊಡನೆ ನೀರನ್ನೂ ಸೆಳೆದುಕೊಂಡು ಹೋಗುತ್ತದೆ; ಆದುದರಿಂದಲೇ ಆ ದಾಹ. ಮೂರನೆಯ ತಿಂಗಳಲ್ಲಿ ಹೊಸ ಪಾದರಕ್ಷೆ ಕಚ್ಚಿ ಬಲಗಾಲಿನಲ್ಲಿ ಗಾಯವಾಯಿತು. ದೀರ್ಘಕಾಲದ ಮಧುಮೇಹದಿಂದ ಪಾದದ ನರಗಳು ಮಂದವಾಗಿದ್ದುದರಿಂದ ನೋವು ತಿಳಿಯಲಿಲ್ಲ. ತಿಳಿಯುವ ವೇಳೆಗೆ ಗಾಯ ಕೊಳೆತಿದ್ದಿತು. ಎರಡು ಬೆರಳುಗಳನ್ನು ತೆಗೆದು ಕಾಲನ್ನು ಉಳಿಸಲಾಯಿತು. ಆಸ್ಪತ್ರೆಯ ಹಾಸಿಗೆಯ ಮೇಲೆ ಗುರುಗಳು ಮಗನಿಗೆ ಹೇಳಿದ ಮಾತು ಇಷ್ಟೇ: ‘ಊರ ಹುಡುಗರಿಗೆಲ್ಲ ಹೇಳಿದೆ; ನಾನು ಮಾತ್ರ ತಾಳೆ ನೋಡಲಿಲ್ಲ.’

ದೇಹವನ್ನು ಕಾಪಾಡಿಕೊಳ್ಳಬೇಕೆಂಬ ಇಚ್ಛೆಯಲ್ಲಿ ದೋಷವೇನೂ ಇಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯಕ್ಕೆ ‘ತಿಸ್ರೈಷಣೀಯ’ವೆಂದು ಹೆಸರು. ಮನುಷ್ಯನಿಗೆ ಮೂರು ಏಷಣೆಗಳಿರತಕ್ಕದ್ದೆಂದು ಅಲ್ಲಿ ಹೇಳಿದೆ: ಪ್ರಾಣೈಷಣೆ, ಧನೈಷಣೆ, ಪರಲೋಕೈಷಣೆ. ಇವುಗಳಲ್ಲಿ ಪ್ರಾಣದ ಇಚ್ಛೆಗೇ ಮೊದಲ ಸ್ಥಾನ. ಪ್ರಾಣ ಹೋದರೆ ಎಲ್ಲವೂ ಹೋದಂತೆ ಎಂಬುದು ಅದಕ್ಕೆ ಕಾರಣ. ಇಂದು ‘ವೆಲ್‌ನೆಸ್’ ಎಂಬ ಹೆಸರಿನಿಂದ ನಡೆಯುತ್ತಿರುವ ವ್ಯಾಪಾರದ ಬಹುಭಾಗವನ್ನು ಈ ಒಂದು ಕ್ರಮದಿಂದಲೇ ಅರ್ಥಮಾಡಿಕೊಳ್ಳಬಹುದಾಗಿದೆ. ಒಬ್ಬನ ಪ್ರಾಣೈಷಣೆಯನ್ನು ಮೇಯ್ದು ಮತ್ತೊಬ್ಬನ ಧನೈಷಣೆ ಕೊಬ್ಬುವ ಸ್ಥಾನವದು.

ಅದೇ ಅಧ್ಯಾಯದಲ್ಲಿ ದೇಹದ ಮೂರು ಉಪಸ್ತಂಭಗಳನ್ನೂ ಹೇಳಿದೆ: ಆಹಾರ, ನಿದ್ರೆ, ಬ್ರಹ್ಮಚರ್ಯ, ಎಂದರೆ ತಿನ್ನುವುದರಲ್ಲಿ ಮಿತಿ, ಮಲಗುವುದರಲ್ಲಿ ಕ್ರಮ, ಇಂದ್ರಿಯಗಳಲ್ಲಿ ಸಂಯಮ. ವಾಗ್ಭಟನು ಅಷ್ಟಾಂಗಹೃದಯದ ಎರಡನೆಯ ಅಧ್ಯಾಯದಲ್ಲೇ ದಿನಚರ್ಯೆಯನ್ನು ವಿಧಿಸುತ್ತಾನೆ. ಬೆಳಗಿನ ಜಾವಕ್ಕೆ ಏಳುವುದು, ಹಲ್ಲುಜ್ಜುವುದು, ಎಣ್ಣೆಯ ಅಭ್ಯಂಗ, ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ. ಇಂದಿನ ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಹೇಳುವುದಾದರೂ ಏನು? ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಷ್ಟು ನಡಿಗೆ ಅಥವಾ ದುಡಿಮೆ, ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು, ತಂಬಾಕಿನ ತ್ಯಾಗ. ಇವೆಲ್ಲವುಗಳಲ್ಲಿ ಒಂದು ಸಮಾನಧರ್ಮವಿದೆ: ಇವುಗಳನ್ನು ಡಬ್ಬಿಯಲ್ಲಿ ತುಂಬಿ ಮಾರಲು ಬರುವುದಿಲ್ಲ. ಒಬ್ಬನ ನಿದ್ರೆಯನ್ನು ಮತ್ತೊಬ್ಬನು ಮಾಡಲಾರ. ಒಬ್ಬನ ನಡಿಗೆಯನ್ನು ಮತ್ತೊಬ್ಬನು ನಡೆಯಲಾರ. ನಿಜವಾದ ಸ್ವಾಸ್ಥ್ಯರಕ್ಷಣೆಯು ಒಂದು ಬಗೆಯ ಕಾಯಕ, ಅದಕ್ಕೆ ಪ್ರತಿನಿಧಿಯಿಲ್ಲ.

ಮಾರಲು ಬಾರದ ವಸ್ತುವಿನಿಂದ ಅಂಗಡಿ ನಡೆಯದು. ಆದುದರಿಂದ ಅಂಗಡಿಯು ಮೊದಲು ಒಂದು ಭಯವನ್ನು ಸೃಷ್ಟಿಸಬೇಕಾಗುತ್ತದೆ. ಇಂದು ಆ ಭಯದ ಹೆಸರು ‘ಟಾಕ್ಸಿನ್’, ಅದರ ಪರಿಹಾರದ ಹೆಸರು ‘ಡಿಟಾಕ್ಸ್’. ವಿಷವೆಂಬುದು ಕನ್ನಡಕ್ಕೆ ಹೊಸ ವಿಷಯವಲ್ಲ. ಹದಿನಾಲ್ಕನೆಯ ಶತಮಾನದಲ್ಲಿಯೇ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನು ರಚಿಸಿದ್ದಾನೆ. ಅಲ್ಲಿ ಸ್ಥಾವರವಿಷ, ಜಂಗಮವಿಷಗಳ ವಿವೇಚನೆಯಿದೆ. ವಿಷಕ್ಕೆ ಹೆಸರಿದೆ, ಲಕ್ಷಣವಿದೆ, ಪರಿಹಾರವಿದೆ. ಶಿಬಿರದ ವಿಷಕ್ಕಾದರೋ ಹೆಸರಿಲ್ಲ, ಅಳತೆಯಿಲ್ಲ, ಚೂರ್ಣ ಸೇವಿಸಿದ ಮೇಲೆ ಎಷ್ಟು ಹೊರಬಿದ್ದಿತೆಂಬ ಲೆಕ್ಕವೂ ಇಲ್ಲ. ದೇಹದ ಶೋಧಕ ಕಾರ್ಯವನ್ನು ಯಕೃತ್ತೂ ಮೂತ್ರಪಿಂಡಗಳೂ ಹಗಲಿರುಳು ನಡೆಸಿಕೊಂಡು ಬರುತ್ತಿವೆ. ಆರೋಗ್ಯವಂತನ ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ, ಅದರಲ್ಲಿ ಒಂದೆರಡು ಲೀಟರನ್ನು ಮಾತ್ರ ಹೊರಕ್ಕೆ ಬಿಡುತ್ತವೆ. ಅವು ಕೆಟ್ಟಾಗ ಬೇಕಾದುದು ವೈದ್ಯ. ಕೆಡದಿರುವಾಗ ಬೇಕಾದುದು ನೀರು ಮತ್ತು ಮಿತಾಹಾರ. ‘ಕ್ಷಾರಜಲ’ದ ಕಥೆಯೂ ಇಂಥದೇ. ಕುಡಿದ ನೀರು ಮೊದಲು ಸೇರುವುದು ತೀಕ್ಷ್ಣ ಆಮ್ಲದ ಕೊಳವಾದ ಜಠರವನ್ನು. ರಕ್ತದ ಕ್ಷಾರಗುಣವನ್ನಾದರೋ ಶ್ವಾಸಕೋಶಗಳೂ ಮೂತ್ರಪಿಂಡಗಳೂ 7.35ರಿಂದ 7.45ರ ಕಿರಿದಾದ ಮೇರೆಯೊಳಗೆ ಕಾಪಾಡುತ್ತವೆ. ಬೆಲೆಬಾಳುವ ನೀರಿಗೆ ಅಲ್ಲಿ ಮಾಡಲು ಕೆಲಸವೇ ಇಲ್ಲ.

ಈ ಮರುಳು ಹಳ್ಳಿಯವರಿಗೆ, ಓದದವರಿಗೆ ಮಾತ್ರ ಅಂಟಿದ್ದೆಂದು ತಿಳಿಯುವುದು ತಪ್ಪು. 1898ರಲ್ಲಿ ಕ್ಯೂರಿ ದಂಪತಿಗಳು ರೇಡಿಯಮ್ಮನ್ನು ಕಂಡುಹಿಡಿದ ಮೇಲೆ, ಆ ಹೆಸರಿನ ಪ್ರಭೆಯಲ್ಲಿ ಹಲವು ಅಂಗಡಿಗಳು ಬೆಳಗಿದವು. 1920ರ ದಶಕದಲ್ಲಿ ಅಮೆರಿಕೆಯಲ್ಲಿ ‘ರೇಡಿಥಾರ್’ ಎಂಬ ರೇಡಿಯಮ್ಮಿನ ನೀರು ಚೈತನ್ಯದಾಯಕವೆಂದು ಮಾರಾಟವಾಗುತ್ತಿದ್ದಿತು. ಅದರ ತಯಾರಕನಾದ ವಿಲಿಯಂ ಬೈಲಿ ವೈದ್ಯನಾಗಿರಲಿಲ್ಲ. ಸುಶಿಕ್ಷಿತನೂ ಶ್ರೀಮಂತ ಉದ್ಯಮಿಯೂ ಗಾಲ್ಫ್ ಕ್ರೀಡೆಯಲ್ಲಿ ಪ್ರಸಿದ್ಧನೂ ಆಗಿದ್ದ ಎಬೆನ್ ಬಯರ್ಸ್ ಎಂಬಾತನು, 1927ರಲ್ಲಿ ತೋಳಿಗೆ ಪೆಟ್ಟಾದ ಬಳಿಕ ಈ ನೀರನ್ನು ಕುಡಿಯತೊಡಗಿದನು. ಮೊದಮೊದಲು ಅವನಿಗೆ ಮೈಯಲ್ಲಿ ಹೊಸ ಹುರುಪು ಬಂದಂತೆ ತೋರಿತು. ಸುಮಾರು 1400 ಸೀಸೆಗಳು ಹೊಟ್ಟೆ ಸೇರಿದ ಮೇಲೆ ದವಡೆಯ ಮೂಳೆ ಕರಗಿ, 1932ರ ಮಾರ್ಚ್ 31ರಂದು ಅವನು ತೀರಿಕೊಂಡನು. ಗಮನಿಸಬೇಕಾದ ಅಂಶವೆಂದರೆ, ಆ ಸೀಸೆಯ ಮೇಲಿನ ಚೀಟಿ ಸುಳ್ಳಾಗಿರಲಿಲ್ಲ. ಒಳಗೆ ನಿಜವಾಗಿಯೂ ರೇಡಿಯಮ್ ಇದ್ದಿತು. ಸುಳ್ಳಾಗಿದ್ದುದು ‘ಹಿತಕರ’ವೆಂಬ ವಿಶೇಷಣ ಮಾತ್ರ. ಆ ಕಾಲದಲ್ಲಿ ‘ರೇಡಿಯಮ್’ ಮಾಡಿದ ಕೆಲಸವನ್ನು ಈ ಕಾಲದಲ್ಲಿ ‘ಕ್ವಾಂಟಮ್’ ಎಂಬ ಶಬ್ದ ಮಾಡುತ್ತಿದೆ. ವಿಜ್ಞಾನದ ಪದವನ್ನು ಎರವಲು ತಂದರೆ ವಿಜ್ಞಾನದ ಪರೀಕ್ಷೆಯೂ ಜೊತೆಗೆ ಬರುವುದೆಂಬ ನಿಯಮವೇನಿಲ್ಲ.

ಹಾಗಾದರೆ ಸತ್ಯವನ್ನು ಅರಿಯುವ ಬಗೆ ಹೇಗೆ? ಮತ್ತೆ ಅದೇ ತಿಸ್ರೈಷಣೀಯ ಅಧ್ಯಾಯವು ನಾಲ್ಕು ಪರೀಕ್ಷಾಸಾಧನಗಳನ್ನು ಹೇಳುತ್ತದೆ: ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ. ವೈದ್ಯಗ್ರಂಥವೊಂದು ಪ್ರಮಾಣಗಳ ಚರ್ಚೆಗೆ ಇಷ್ಟು ಸ್ಥಳ ಕೊಟ್ಟಿರುವುದೇ ಒಂದು ಪಾಠ. ಔಷಧಕ್ಕಿಂತ ಮೊದಲು ಔಷಧದ ಬಗೆಗಿನ ಮಾತನ್ನು ಪರೀಕ್ಷಿಸಬೇಕೆಂಬುದು ಅದರ ತಾತ್ಪರ್ಯ.

ಮೊದಲನೆಯದು ಆಪ್ತೋಪದೇಶ. ಆಪ್ತನೆಂದರೆ ನಂಟನಲ್ಲ, ಸ್ನೇಹಿತನೂ ಅಲ್ಲ. ರಜಸ್ತಮೋಗುಣಗಳಿಂದ ಮುಕ್ತನಾದವನು, ಸುಳ್ಳು ಹೇಳಲು ಕಾರಣವಿಲ್ಲದವನು. ಮಾತಿನಿಂದ ಲಾಭ ಪಡೆಯುವವನು ಸುಳ್ಳನೇ ಆಗಿರಬೇಕೆಂದಿಲ್ಲ. ಆದರೆ ಅವನ ಮಾತು ಆಪ್ತವಾಕ್ಯವೆನಿಸದು, ಅದಕ್ಕೆ ಬೇರೆ ಸಾಕ್ಷಿ ಬೇಕು. ಆಸ್ಪತ್ರೆಗಳೂ ಔಷಧ ತಯಾರಕರೂ ಹಣ ಗಳಿಸುವುದಿಲ್ಲವೇ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಗಳಿಸುತ್ತಾರೆ, ಅನ್ಯಾಯವಾಗಿ ಗಳಿಸುವುದೂ ಉಂಟು. ಆದುದರಿಂದಲೇ ಅಲ್ಲಿಯೂ ವ್ಯಕ್ತಿಯ ಮಾತನ್ನಲ್ಲ, ಪರೀಕ್ಷೆಯ ಫಲವನ್ನು ಕೇಳಬೇಕಾಗಿದೆ. ಒಂದು ಪಕ್ಷದ ಲೋಭವು ಮತ್ತೊಂದು ಪಕ್ಷದ ಚೂರ್ಣವನ್ನು ಔಷಧವನ್ನಾಗಿ ಮಾಡುವುದಿಲ್ಲ. ನಿಃಸ್ಪೃಹತೆಯ ನಿದರ್ಶನಗಳೂ ಇಲ್ಲದಿಲ್ಲ: ಮಧುಮೇಹಿಗಳ ಪ್ರಾಣವನ್ನುಳಿಸಿದ ಇನ್ಸುಲಿನ್ನಿನ ಏಕಸ್ವಾಮ್ಯವನ್ನು ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಎಂಬ ಮೂವರೂ 1923ರಲ್ಲಿ ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು.

ಎರಡನೆಯದಾದ ಪ್ರತ್ಯಕ್ಷವು ಎಲ್ಲರಿಗೂ ಪ್ರಿಯವಾದ ಪ್ರಮಾಣ. ‘ನಾನು ಸೇವಿಸಿದೆ, ನನಗೆ ಗುಣವಾಯಿತು’ ಎಂಬ ಮಾತನ್ನು ಸುಳ್ಳೆನ್ನಲು ಯಾರಿಗೂ ಬಾಯಿ ಬಾರದು. ಆದರೆ ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧವಿರಬೇಕಾಗಿಲ್ಲವೆಂಬುದನ್ನು ಕಾಕತಾಲೀಯ ನ್ಯಾಯ ಎಂದೋ ತಿಳಿಸಿದೆ. ನೆಗಡಿಯು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ, ಬೆನ್ನುನೋವು ಏರಿಳಿಯುತ್ತದೆ, ನೋವು ಶಿಖರಕ್ಕೇರಿದ ದಿನವೇ ಮನುಷ್ಯನು ಚೂರ್ಣವನ್ನು ಕೊಳ್ಳುವುದರಿಂದ, ಮರುದಿನದ ಇಳಿಕೆಯ ಕೀರ್ತಿಯೆಲ್ಲ ಚೂರ್ಣಕ್ಕೆ ಸಲ್ಲುತ್ತದೆ. ನಂಬಿಕೆಯ ಬಲವೂ ಅಲ್ಪವಲ್ಲ. 1784ರಲ್ಲಿ ಪ್ಯಾರಿಸ್ಸಿನಲ್ಲಿ ಮೆಸ್ಮರನ ‘ಪ್ರಾಣಿಕಾಂತಶಕ್ತಿ’ಯ ಚಿಕಿತ್ಸೆಯನ್ನು ಪರೀಕ್ಷಿಸಲು ರಾಜನು ಸಮಿತಿಯೊಂದನ್ನು ನೇಮಿಸಿದನು. ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲವಾಸಿಯೆ ಮೊದಲಾದವರು ಅದರ ಸದಸ್ಯರು. ಪಾಸಿಯ ತೋಟದಲ್ಲಿ ಒಂದು ಮರಕ್ಕೆ ಮಾತ್ರ ಶಕ್ತಿಯನ್ನು ತುಂಬಿಸಲಾಯಿತು. ಸುಮಾರು ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಕಣ್ಣುಕಟ್ಟಿ ಬೇರೆ ಮರಗಳ ಬಳಿಗೆ ಕರೆದೊಯ್ದಾಗ, ಶಕ್ತಿಯಿಲ್ಲದ ನಾಲ್ಕನೆಯ ಮರದ ಬಳಿಯೇ ಅವನು ಮೂರ್ಛೆಗೊಂಡನು. ಮೂರ್ಛೆ ನಿಜ, ಶಕ್ತಿ ಸುಳ್ಳು. ಕಣ್ಣಿಗೆ ಕಟ್ಟಿದ ಆ ಬಟ್ಟೆಯೇ ಸತ್ಯವನ್ನು ಕಾಣಿಸಿತೆಂಬುದು ವಿಚಿತ್ರವಾದರೂ ವಾಸ್ತವ.

ಮೂರನೆಯದಾದ ಅನುಮಾನದಲ್ಲಿ ಹೇತುವು ಶುದ್ಧವಾಗಿರಬೇಕು. ‘ಗುಣವಾದರೆ ಚೂರ್ಣದ ಮಹಿಮೆ; ಉಲ್ಬಣಿಸಿದರೆ ಚೂರ್ಣವು ವಿಷವನ್ನು ಹೊರದೂಡುತ್ತಿರುವ ಗುರುತು’ ಎಂಬ ವಾದವು ಗುರುಗಳ ಕಾಲ್ಬೆರಳುಗಳನ್ನು ಕಸಿದುಕೊಂಡಿತು. ಸಾಧ್ಯವಿದ್ದಲ್ಲಿಯೂ ಇಲ್ಲದಲ್ಲಿಯೂ ಸಮಾನವಾಗಿ ಇರುವ ಹೇತುವನ್ನು ನೈಯಾಯಿಕರು ಅನೈಕಾಂತಿಕವೆಂದು ಕರೆದು ಹೇತ್ವಾಭಾಸಗಳ ಪಟ್ಟಿಗೆ ಸೇರಿಸಿದ್ದಾರೆ. ಯಾವ ಫಲದಿಂದಲೂ ಸುಳ್ಳಾಗಲಾರದ ಮಾತು ಯಾವ ಫಲದಿಂದಲೂ ನಿಜವಾಗಲಾರದು.

ನಾಲ್ಕನೆಯದು ಯುಕ್ತಿ, ಅನೇಕ ಕಾರಣಗಳ ಕೂಟದಲ್ಲಿ ಯಾವುದು ಯಾವುದರ ಫಲವೆಂದು ಬಿಡಿಸಿ ನೋಡುವ ಬುದ್ಧಿ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ಒಸಡು ಕೊಳೆಯುವ ಸ್ಕರ್ವಿ ರೋಗದ ಹನ್ನೆರಡು ನಾವಿಕರನ್ನು ಆರು ಜೋಡಿಗಳಾಗಿ ವಿಂಗಡಿಸಿ, ಒಂದೊಂದು ಜೋಡಿಗೂ ಒಂದೊಂದು ಔಷಧವನ್ನು ಕೊಟ್ಟನು. ಕಿತ್ತಳೆ ನಿಂಬೆಗಳನ್ನು ತಿಂದ ಇಬ್ಬರು ವಾರದೊಳಗೆ ಚೇತರಿಸಿಕೊಂಡರು. ಆದರೂ ಬ್ರಿಟಿಷ್ ನೌಕಾಪಡೆಯು ನಿಂಬೆಯ ರಸವನ್ನು ಒಪ್ಪಿಕೊಂಡುದು 1795ರಲ್ಲಿ. ಶಾಸ್ತ್ರಜ್ಞರ ಲೋಕವೂ ಆಲಸ್ಯದಿಂದ ಹೊರತಲ್ಲ. ಆದರೆ ಅಲ್ಲಿ ತಪ್ಪನ್ನು ತಿದ್ದಿಕೊಳ್ಳಲು ದಾರಿಯಿದೆ. ಅಂಗಡಿಯಲ್ಲಿ ಡಬ್ಬಿಯ ಬಣ್ಣ ಬದಲಾಗುತ್ತದೆಯೇ ಹೊರತು ತಪ್ಪು ತಿದ್ದಲ್ಪಡುವುದಿಲ್ಲ.

ಪ್ರಾಚೀನವಾದುದೆಲ್ಲ ನಿರಪಾಯವೆಂಬ ಭ್ರಮೆಯನ್ನೂ ಇಲ್ಲಿ ಬಿಡಬೇಕಾಗುತ್ತದೆ. 2004ರಲ್ಲಿ ಅಮೆರಿಕೆಯ ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ದೊರೆತ ದಕ್ಷಿಣ ಏಷ್ಯಾದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ, 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣದ ಅಂಶ ಕಂಡುಬಂದಿತು. ಇದು ಆಯುರ್ವೇದಕ್ಕೆ ಹಾಕಿದ ಶಾಪವಲ್ಲ. ಅದರ ಹೆಸರಿನಲ್ಲಿ ಮಾರುವ ಪ್ರತಿಯೊಂದು ವಸ್ತುವನ್ನೂ ತೂಗಿ ನೋಡಬೇಕೆಂಬ ಎಚ್ಚರ. ಹಾಗೆಯೇ ಅಭ್ಯಂಗದಿಂದ ಮೈ ಹಗುರವಾಗುವುದು, ಧ್ಯಾನದಿಂದ ಮನಸ್ಸು ತಿಳಿಯಾಗುವುದು ಅನುಭವಸಿದ್ಧ. ಸುಖವನ್ನು ಸುಖವೆಂದು ಮಾರಿದರೆ ಅದರಲ್ಲಿ ವಂಚನೆಯಿಲ್ಲ. ಸುಖವನ್ನೇ ಚಿಕಿತ್ಸೆಯೆಂದು ಕರೆದು, ಗುಳಿಗೆಯನ್ನು ಬಿಡಿಸಿದಾಗ ವಂಚನೆ ಮೊದಲಾಗುತ್ತದೆ.

ದೇಶದ ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಣೀಯ ಜಾಹೀರಾತು ಕಾಯಿದೆಯ ಅನುಸೂಚಿಯಲ್ಲಿ 54 ರೋಗಗಳ ಹೆಸರಿದ್ದು, ಅವುಗಳನ್ನು ಗುಣಪಡಿಸುವುದಾಗಿ ಔಷಧದ ಜಾಹೀರಾತು ನೀಡುವುದನ್ನು ನಿಷೇಧಿಸಲಾಗಿದೆ. ಆ ಪಟ್ಟಿಯಲ್ಲಿ ಮಧುಮೇಹವೂ ಇದೆ. ಆದರೆ ಕಾನೂನಿನ ಕಣ್ಣು ಎಲ್ಲ ಸಭಾಂಗಣಗಳೊಳಗೂ ಇಣುಕಲಾರದು.

ಸಭಾಂಗಣದ ಮಾತು ಬಂದಾಗ ಈ ಪ್ರಸಂಗದ ಮರ್ಮವೇ ಎದುರಾಗುತ್ತದೆ. ಚರಕನು ಮೂರು ಬಗೆಯ ವೈದ್ಯರನ್ನು ಹೇಳುವುದೂ ಆ ಅಧ್ಯಾಯದಲ್ಲಿಯೇ. ಪಾತ್ರೆ, ಮದ್ದು, ಪುಸ್ತಕಗಳ ವೇಷದಿಂದ ವೈದ್ಯರೆನಿಸಿಕೊಳ್ಳುವ ಛದ್ಮಚರರು; ಪ್ರಸಿದ್ಧರ ಹೆಸರಿನ ನೆರಳಲ್ಲಿ ನಿಂತು ವೈದ್ಯರೆನಿಸಿಕೊಳ್ಳುವ ಸಿದ್ಧಸಾಧಿತರು; ನಿಜವಾಗಿ ಪ್ರಾಣವನ್ನು ರಕ್ಷಿಸುವ ಮೂರನೆಯವರು. ಶಿಬಿರದ ಬಿಳಿಯ ಅಂಗಿ ಛದ್ಮ. ಆದರೆ ಗುರುಗಳನ್ನು ಸೋಲಿಸಿದುದು ಆ ಅಂಗಿಯಲ್ಲ, ಆ ನೆರಳು. ತಾವು ಗೌರವಿಸುವ ಶಾಲೆಯ ಸೂರಿನಡಿಯಲ್ಲಿ, ತಾವು ಬಲ್ಲ ಗಣ್ಯರ ಸಮ್ಮುಖದಲ್ಲಿ ಆಡಿದ ಮಾತನ್ನು ಅವರು ಶಾಲೆಯ ಮಾತೆಂದೇ ತಿಳಿದರು. ಬಾಡಿಗೆಗೆ ಕೊಟ್ಟುದು ಸಭಾಂಗಣವನ್ನು ಮಾತ್ರವಾದರೂ, ಜೊತೆಗೆ ಬಾಡಿಗೆಗೆ ಹೋದುದು ಹಲವು ತಲೆಮಾರಿನ ಅಧ್ಯಾಪಕರು ಗಳಿಸಿದ್ದ ವಿಶ್ವಾಸ. ಜನರು ಅಂಗಡಿಯತ್ತ ಸಾಗುವುದಕ್ಕೆ ಬೇರೆ ಕಾರಣಗಳೂ ಇವೆ. ಸರತಿಯ ಸಾಲಿನ ಕೊನೆಯಲ್ಲಿ ವೈದ್ಯನಿಗೆ ಎರಡು ನಿಮಿಷವಿಲ್ಲ; ಚೂರ್ಣ ಮಾರುವವನು ಅರ್ಧ ಗಂಟೆ ಕುಳಿತು ಮೊಮ್ಮಕ್ಕಳ ಕ್ಷೇಮವನ್ನೂ ವಿಚಾರಿಸುತ್ತಾನೆ. ಈ ಕೊರತೆಯನ್ನು ತುಂಬದೆ ಮರುಳಾದವರನ್ನು ಹಳಿಯುವುದು ನ್ಯಾಯವಲ್ಲ.

ಅಧ್ಯಾಪಕರೂ ದಾನಿಗಳೂ ಇಂತಹ ಶಿಬಿರಕ್ಕೆ ಸ್ಥಳವನ್ನೋ ಹಣವನ್ನೋ ಕೊಡುವ ಮುನ್ನ ಕೇಳಬಹುದಾದ ಪ್ರಶ್ನೆಗಳು ಬಹಳವೇನೂ ಇಲ್ಲ. ಪರೀಕ್ಷಿಸುವವನೇ ಮಾರುವವನೂ ಆಗಿದ್ದಾನೆಯೇ? ಹೊರಹಾಕುವುದೆನ್ನುವ ವಿಷದ ಹೆಸರೇನು, ಅಳತೆಯೇನು? ಒಂದೇ ಔಷಧವು ಎಲ್ಲ ರೋಗಗಳನ್ನೂ ಕಳೆಯುವುದೇ? ಯಾವ ಫಲ ಬಂದರೆ ತನ್ನ ಮಾತು ತಪ್ಪೆಂದು ಆತನು ಒಪ್ಪುತ್ತಾನೆ? ವೈದ್ಯರು ಕೊಟ್ಟ ಔಷಧವನ್ನು ಬಿಡಲು ಹೇಳುತ್ತಾನೆಯೇ? ಕೊನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಉಳಿದವನ್ನು ಕೇಳಬೇಕಾಗಿಯೇ ಇಲ್ಲ.

ಗಾಯ ಮಾಗಿದ ಮೇಲೆ ಗುರುಗಳು ಊರುಗೋಲನ್ನು ಹಿಡಿದು, ನೆರೆಯ ಊರಿನಲ್ಲಿ ನಡೆದ ಅಂಥದೇ ಶಿಬಿರಕ್ಕೆ ಹೋದರು. ಒಂದು ಗಂಟೆಯ ಅಂತರದಲ್ಲಿ ಎರಡು ಹೆಸರುಗಳನ್ನು ಬರೆಯಿಸಿ, ಎರಡು ಸಲ ಲೋಹದ ದಂಡವನ್ನು ಹಿಡಿದರು. ಒಂದು ವರದಿಯಲ್ಲಿ ಯಕೃತ್ತು ಕೆಟ್ಟಿದ್ದಿತು, ಮತ್ತೊಂದರಲ್ಲಿ ಯಕೃತ್ತು ಉತ್ತಮವಾಗಿದ್ದು ಮೂತ್ರಪಿಂಡ ಕೆಟ್ಟಿದ್ದಿತು. ಅವರು ವಾದ ಮಾಡಲಿಲ್ಲ. ಎರಡನ್ನೂ ತಂದು, ಹಿಂದೆ ಸಭಾಂಗಣ ಕೊಟ್ಟಿದ್ದ ಶಾಲೆಯ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಅಕ್ಕಪಕ್ಕದಲ್ಲಿಟ್ಟರು. ಆ ವರ್ಷದಿಂದ ಅಲ್ಲಿ ಆರೋಗ್ಯ ಶಿಬಿರಕ್ಕೆ ಅರ್ಜಿ ಹಾಕುವವರಿಗೆ ಒಂದು ನಿಬಂಧನೆಯಿದೆ: ಒಬ್ಬನನ್ನೇ ಎರಡು ಸಲ, ಗುರುತು ತಿಳಿಸದೆ, ಪರೀಕ್ಷಿಸಿ ತೋರಿಸಬೇಕು.

ಈಗ ಗುರುಗಳು ಪ್ರತಿರಾತ್ರಿ ಮಲಗುವ ಮುನ್ನ ಹಾಸಿಗೆಯ ಮೇಲೆ ಕುಳಿತು, ಜಾತ್ರೆಯಲ್ಲಿ ಕೊಂಡ ಕೈಗನ್ನಡಿಯನ್ನು ಅಂಗಾಲಿನ ಕೆಳಗೆ ಹಿಡಿಯುತ್ತಾರೆ. ಎಲ್ಲಿಯಾದರೂ ಕೆಂಪಾಗಿದೆಯೇ, ಬೊಕ್ಕೆಯೆದ್ದಿದೆಯೇ ಎಂದು ಬೆರಳಿಂದ ಬೆರಳಿಗೆ ನೋಡುತ್ತಾರೆ; ಉಳಿದಿರುವ ಬೆರಳುಗಳು ಎಂಟು. ಬಳಿಕ ಗುಳಿಗೆಯನ್ನು ನುಂಗಿ, ದೀಪವನ್ನು ಆರಿಸಿ ಮಲಗುತ್ತಾರೆ.